23 ವಾಟ್ಸ್‌ಆ್ಯಪ್ ಗುಂಪುಗಳಿರುವ ಕಾರ್ಖಾನೆಗೆ ಸ್ವಂತ ಸಾಮಾಜಿಕ ಜಾಲತಾಣ ಬೇಕೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ತಂದೆಯವರು ಕಟ್ಟಿದ ಎರಕದ ಕಾರ್ಖಾನೆ ಮತ್ತು ಮಷೀನ್ ಶಾಪ್ ಇದೆ. ಕಚೇರಿ ಸಿಬ್ಬಂದಿ, ಕಾಯಂ ಕೆಲಸಗಾರರು, ಗುತ್ತಿಗೆಯವರು ಎಲ್ಲ ಸೇರಿ ಸುಮಾರು 170 ಜನ. ಮೂರು ವರ್ಷಗಳಿಂದ ಆಡಳಿತವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಕೋವಿಡ್ ಕಾಲದಲ್ಲಿ ಒಂದೊಂದಾಗಿ ಹುಟ್ಟಿಕೊಂಡ ವಾಟ್ಸ್‌ಆ್ಯಪ್ ಗುಂಪುಗಳು ಈಗ 23 ಆಗಿವೆ. ಕೆಲಸ ಬಿಟ್ಟು ಹೋದ ಒಬ್ಬ ಇನ್‌ಸ್ಪೆಕ್ಟರ್ ಎರಡು ತಿಂಗಳು ನಮ್ಮ ಗುಂಪಿನಲ್ಲೇ ಉಳಿದು ಗ್ರಾಹಕರ ಡ್ರಾಯಿಂಗ್‌ಗಳನ್ನು ನೋಡುತ್ತಿದ್ದರೆಂಬುದು ತಡವಾಗಿ ತಿಳಿಯಿತು. ಗುಂಪಿನಿಂದ ನಂಬರ್ ತೆಗೆದುಕೊಂಡು ಕಚೇರಿಯ ಒಬ್ಬ ಹುಡುಗಿಗೆ ಯಾರೋ ರಾತ್ರಿ ಹೊತ್ತು ಸಂದೇಶ ಕಳುಹಿಸುತ್ತಿದ್ದಾರೆ. ಪುಣೆಯ ಗ್ರಾಹಕರ ಆಡಿಟರ್ ಬಂದು 'ಈ ದೋಷಕ್ಕೆ ಹೋದ ಸಲ ಏನು ಪರಿಹಾರ ಮಾಡಿದಿರಿ' ಎಂದು ಕೇಳಿದಾಗ ಎಲ್ಲರೂ ಫೋನಿನಲ್ಲಿ ಹುಡುಕುತ್ತ ನಿಂತಿದ್ದೆವು. ಮೌಲ್ಡಿಂಗ್ (ಮರಳಿನ ಅಚ್ಚು ಮಾಡುವ) ವಿಭಾಗದ ಹಿರಿಯ ಮಿಸ್ತ್ರಿಯವರು ಮುಂದಿನ ಮಾರ್ಚ್‌ನಲ್ಲಿ ನಿವೃತ್ತರಾಗುತ್ತಾರೆ, ಅವರಿಗೆ ಗೊತ್ತಿರುವುದೆಲ್ಲ ಅವರ ಜೊತೆಗೇ ಹೋಗುತ್ತದೆ. ಒಂದು ಸಾಫ್ಟ್‌ವೇರ್ ಕಂಪನಿಯವರು 'ನಿಮ್ಮದೇ ಸಾಮಾಜಿಕ ಜಾಲತಾಣ ಮಾಡಿಕೊಡುತ್ತೇವೆ, ಉತ್ಪಾದಕತೆ ಶೇ 25ರಷ್ಟು ಏರುತ್ತದೆ' ಎನ್ನುತ್ತಿದ್ದಾರೆ. ಅಪ್ಪ 'ಗೇಟಿನಲ್ಲೇ ಫೋನ್ ತೆಗೆದಿಟ್ಟುಕೊಳ್ಳಿ' ಎನ್ನುತ್ತಾರೆ. ಗುಂಪಿನಲ್ಲಿ ಯಾರಾದರೂ ಏನಾದರೂ ಹಾಕಿದರೆ ಅಡ್ಮಿನ್ ಆದ ನಾನೇ ಜೈಲಿಗೆ ಹೋಗಬೇಕಾಗುತ್ತದೆ ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ಎಲ್ಲರಿಗೂ ಮಾತಾಡುವ ವೇದಿಕೆ ಕೊಟ್ಟರೆ ಅದು ಆಡಳಿತವನ್ನು ಬೈಯುವ ಜಾಗವಾದೀತೆಂಬ ಅಳುಕೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳು ಒಂದೇ ಫೋನಿನೊಳಗೆ ಸೇರಿಕೊಂಡಿವೆ. ಡ್ರಾಯಿಂಗ್ ಹೊರಗೆ ಹೋದದ್ದು ದಾಖಲೆಗಳ ಹತೋಟಿಗೆ ಸಂಬಂಧಿಸಿದ್ದು. ಹುಡುಗಿಗೆ ಬರುತ್ತಿರುವ ಸಂದೇಶಗಳು ಕಾನೂನಿಗೆ ಸಂಬಂಧಿಸಿದ್ದು, ಅದಕ್ಕೆ ಈ ವಾರವೇ ಕ್ರಮ ಆಗಬೇಕು. ಆಡಿಟರ್ ಮುಂದೆ ನೀವು ನಿರುತ್ತರರಾದದ್ದು ಮತ್ತು ಮಿಸ್ತ್ರಿಯವರ ನಿವೃತ್ತಿಯ ಚಿಂತೆ, ಇವೆರಡೂ ಒಂದೇ ಬೇರಿನವು: ನಿಮ್ಮ ಕಾರ್ಖಾನೆಯಲ್ಲಿ ಜನ ದಿನವೂ ಕಲಿಯುತ್ತಿದ್ದಾರೆ, ಆದರೆ ಕಲಿತದ್ದು ಎಲ್ಲೂ ನಿಲ್ಲುತ್ತಿಲ್ಲ. ಸಾಫ್ಟ್‌ವೇರ್ ಮಾರುವವರು ಈ ಮೂರಕ್ಕೂ ಒಂದೇ ಔಷಧಿಯನ್ನು ತೋರಿಸುತ್ತಿರುವುದರಿಂದ ನಿಮಗೆ ನಿರ್ಧಾರ ಕಷ್ಟವಾಗಿದೆ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳಲ್ಲಿ ಇಂಥ ವ್ಯವಸ್ಥೆಗಳನ್ನು ಕೂರಿಸುವ ಕೆಲಸ ಮಾಡುತ್ತ ಬಂದಿದ್ದೇನೆ. ಸಾಮಾಜಿಕ ಜಾಲವನ್ನು ಕಾರ್ಖಾನೆಯೊಳಗೆ ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ನಿಮ್ಮ ಮುಂದೆ ಈಗ ಇಲ್ಲ, ಏಕೆಂದರೆ 23 ಗುಂಪುಗಳ ರೂಪದಲ್ಲಿ ಅದು ಆಗಲೇ ಒಳಗೆ ಬಂದು ಕುಳಿತಿದೆ. ಅದನ್ನು ಯಾರ ಹೊಣೆಯಲ್ಲಿ, ಯಾವ ಕೆಲಸಕ್ಕೆ ಬಳಸಬೇಕು ಎಂಬುದಷ್ಟೇ ಉಳಿದಿದೆ.

ಮೊದಲು ಆ ಹುಡುಗಿಯ ವಿಷಯ. ಸಂದೇಶ ಬಂದದ್ದು ಸ್ವಂತ ಫೋನಿಗೆ, ಅದೂ ಕೆಲಸ ಮುಗಿದ ಮೇಲೆ, ಆದ್ದರಿಂದ ಕಾರ್ಖಾನೆಗೆ ಸಂಬಂಧವಿಲ್ಲ ಎಂದು ಹಲವು ಮಾಲೀಕರು ನನಗೆ ಹೇಳಿದ್ದಾರೆ. ಹಾಗೆ ತಳ್ಳಿಹಾಕಬೇಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಪ್ರತಿಯೊಂದು ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಮಹಿಳೆಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು ಮತ್ತು ಹೊರಗಿನ ಒಬ್ಬ ಸದಸ್ಯರು ಇರಬೇಕು. ಕಾಯ್ದೆಯ ವ್ಯಾಖ್ಯೆಯಲ್ಲಿ ಇಷ್ಟವಿಲ್ಲದ ಮಾತು ಮತ್ತು ಮಾತಿಲ್ಲದ ವರ್ತನೆ ಎರಡೂ ಸೇರಿವೆ. ಕಾರ್ಖಾನೆಯ ಗುಂಪಿನಿಂದ ತೆಗೆದ ನಂಬರಿಗೆ ಸಹೋದ್ಯೋಗಿ ಕಳುಹಿಸಿದ್ದು ಎಂದಾದರೆ ಅದನ್ನು ಸಮಿತಿ ಪರಿಶೀಲಿಸಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಸಾಲದು, ಮೂಲ ಸಂದೇಶಗಳನ್ನು ಅಳಿಸಬಾರದೆಂದು ಆಕೆಗೆ ಹೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಫೋನಿನಲ್ಲಿ ಸಂದೇಶ ಉಳಿದಿದ್ದರೆ ಅದು ಸುಲಭ. ಆಕೆಯನ್ನು ಗುಂಪಿನಿಂದ ತೆಗೆದು 'ಸಮಸ್ಯೆ ಮುಗಿಯಿತು' ಎಂದುಕೊಳ್ಳುವುದು ನಾನು ಕಂಡ ಅತ್ಯಂತ ಸಾಮಾನ್ಯ ತಪ್ಪು. ಅದರಿಂದ ತೊಂದರೆ ಅನುಭವಿಸಿದವಳೇ ಕೆಲಸದ ಮಾಹಿತಿಯಿಂದ ದೂರವಾಗುತ್ತಾಳೆ, ತೊಂದರೆ ಕೊಟ್ಟವನು ಗುಂಪಿನಲ್ಲೇ ಉಳಿಯುತ್ತಾನೆ.

ಅಡ್ಮಿನ್ ಜೈಲಿಗೆ ಹೋಗುತ್ತಾರೆಂಬ ಮಾತಿಗೆ ಬರೋಣ. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಡ್ಮಿನ್‌ರನ್ನು ಹೊಣೆ ಮಾಡಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ, ಕೇರಳ ಹೈಕೋರ್ಟ್ 2022ರಲ್ಲಿ ಇದೇ ನಿಲುವು ತಳೆದಿದೆ. ಇಬ್ಬರ ಉದ್ದೇಶವೂ ಒಂದೇ ಆಗಿತ್ತು ಅಥವಾ ಮೊದಲೇ ಮಾತಾಡಿಕೊಂಡು ಹಾಕಿದರು ಎಂದು ಸಾಬೀತಾದರೆ ಮಾತು ಬೇರೆ. ಆ ಭಯವನ್ನು ನೀವು ಬಿಡಬಹುದು. ಆದರೆ ಮಾಲೀಕರಾಗಿ ನಿಮ್ಮ ಹೊಣೆ ಬೇರೆಯೇ ಇದೆ, ಅದು ಅಡ್ಮಿನ್ ಸ್ಥಾನವನ್ನು ಇನ್ನೊಬ್ಬರಿಗೆ ವಹಿಸಿದ ಮಾತ್ರಕ್ಕೆ ಕಳಚಿಕೊಳ್ಳುವಂಥದ್ದಲ್ಲ. ದೂರು ಬಂದಿದ್ದು ಗೊತ್ತಿದ್ದೂ ಸುಮ್ಮನಿದ್ದರೆ ಪ್ರಶ್ನೆ ಕೇಳುವುದು ನಿಮ್ಮನ್ನೇ.

ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ಭಾಗ ಪೂರ್ಣ ಸತ್ಯ. ಕರಗಿದ ಲೋಹವನ್ನು ಸುರಿಯುವ ಕಡೆ, ಕ್ರೇನಿನ ಕೆಳಗೆ, ತಿರುಗುವ ಯಂತ್ರದ ಎದುರು ಕೈಯಲ್ಲಿ ಫೋನ್ ಇರಲೇಬಾರದು. ಇದು ಜೀವದ ಪ್ರಶ್ನೆ, ಇಲ್ಲಿ ಚೌಕಾಸಿ ಬೇಡ. ಆದರೆ ಇಡೀ ಕಾರ್ಖಾನೆಯಲ್ಲಿ ಫೋನ್ ನಿಷೇಧಿಸಿದರೆ ಮಾತು ನಿಲ್ಲುವುದಿಲ್ಲ, ನಿಮಗೆ ಕಾಣದ ಕಡೆ ಹೋಗುತ್ತದೆ. ಅಮೆರಿಕದ ದೊಡ್ಡ ಬ್ಯಾಂಕುಗಳಲ್ಲಿ ವ್ಯವಹಾರದ ಮಾತನ್ನು ಸ್ವಂತ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಆಡಬಾರದೆಂಬ ಲಿಖಿತ ನಿಯಮ ಇದ್ದೇ ಇತ್ತು. ಆದರೂ ನಿಯಮ ಪಾಲನೆಯ ಹೊಣೆ ಹೊತ್ತ ಮೇಲಧಿಕಾರಿಗಳೇ ಅಲ್ಲಿ ಮಾತಾಡುತ್ತಿದ್ದರು. ಅಂಥ ಸಂದೇಶಗಳ ದಾಖಲೆ ಇಟ್ಟಿಲ್ಲವೆಂದು 2021ರ ಡಿಸೆಂಬರ್‌ನಲ್ಲಿ ಜೆಪಿ ಮಾರ್ಗನ್ ಸಂಸ್ಥೆಗೆ ಅಲ್ಲಿನ ಎರಡು ನಿಯಂತ್ರಣ ಸಂಸ್ಥೆಗಳು ಒಟ್ಟು 20 ಕೋಟಿ ಡಾಲರ್ ದಂಡ ಹಾಕಿದವು. ಅಷ್ಟು ಕಾವಲಿರುವ ಕಡೆಯೇ ಬರಿಯ ನಿಷೇಧ ನಿಲ್ಲಲಿಲ್ಲ. ಜನರಿಗೆ ಕೆಲಸ ಸಾಗಬೇಕಾಗಿರುತ್ತದೆ, ಹತ್ತಿರವಿರುವ ದಾರಿಯನ್ನು ಅವರು ಹಿಡಿಯುತ್ತಾರೆ.

ಶೇ 25ರ ಲೆಕ್ಕದ ಮೂಲವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಅಂಕಿಯನ್ನು ಹಿಡಿದುಕೊಂಡು ನನ್ನ ಬಳಿ ಬಂದವರು ಬಹಳ ಜನ. ಮೆಕಿನ್ಸಿ ಎಂಬ ಸಲಹಾ ಸಂಸ್ಥೆ 2012ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಸಾಮಾಜಿಕ ಜಾಲದ ತಂತ್ರಜ್ಞಾನ ಪೂರ್ಣವಾಗಿ ಅಳವಟ್ಟರೆ ಉತ್ಪಾದಕತೆ ಶೇ 20ರಿಂದ 25ರಷ್ಟು ಏರಬಹುದು ಎಂಬ ಅಂದಾಜಿದೆ. ಅದು ಅಂದಾಜು, ಯಾವುದೋ ಕಾರ್ಖಾನೆಯಲ್ಲಿ ಅಳೆದು ನೋಡಿದ ಫಲಿತಾಂಶವಲ್ಲ. ಅದೂ ದಿನದ ಬಹುಭಾಗವನ್ನು ಇಮೇಲ್, ಮಾಹಿತಿ ಹುಡುಕಾಟ, ಪರಸ್ಪರ ಚರ್ಚೆಯಲ್ಲಿ ಕಳೆಯುವ ಮೇಜಿನ ಕೆಲಸದವರ ಬಗ್ಗೆ. ಮೌಲ್ಡಿಂಗ್ ಮಾಡುವವರ, ಫೆಟ್ಲಿಂಗ್ (ಎರಕವನ್ನು ಉಜ್ಜಿ ಶುಚಿ ಮಾಡುವ ಕೆಲಸ) ಮಾಡುವವರ ಲೆಕ್ಕ ಅದರಲ್ಲಿಲ್ಲ.

ಈಗ ನಿಜವಾದ ಕಾರಣಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಎರಕದ ಕಾರ್ಖಾನೆಯಲ್ಲಿ ನಾನು ಕಣ್ಣಾರೆ ಕಂಡದ್ದು ಇದು. ಜುಲೈ ತಿಂಗಳು, ಎಡೆಬಿಡದ ಮಳೆ. ಪಂಪಿನ ಹೌಸಿಂಗ್‌ಗಳಲ್ಲಿ ಬ್ಲೋಹೋಲ್ (ಅನಿಲ ಸಿಕ್ಕಿ ಆಗುವ ತೂತು) ಬಂದು ರಿಜೆಕ್ಷನ್ ಏರುತ್ತಿತ್ತು. ಹೊಸದಾಗಿ ಸೇರಿದ ಸೂಪರ್‌ವೈಸರ್ ಒಬ್ಬರು ದೋಷದ ಫೋಟೊ ತೆಗೆದು ಗುಂಪಿಗೆ ಹಾಕಿದರು. ಅರ್ಧ ಗಂಟೆಯೊಳಗೆ ಹಿರಿಯ ಮೌಲ್ಡರ್ ಒಬ್ಬರ ಧ್ವನಿ ಸಂದೇಶ ಬಂತು: ಶನಿವಾರ ಮಾಡಿದ ಕೋರ್‌ಗಳು (ಎರಕದೊಳಗೆ ಟೊಳ್ಳು ಬಿಡಲು ಅಚ್ಚಿನಲ್ಲಿ ಇಡುವ ಮರಳಿನ ತುಂಡುಗಳು) ಭಾನುವಾರವಿಡೀ ತೆರೆದ ಜಾಗದಲ್ಲೇ ಇದ್ದವು, ತೇವ ಹಿಡಿದಿವೆ, ಅವನ್ನು ಮತ್ತೆ ಒಣಗಿಸದೆ ಮೌಲ್ಡಿನೊಳಗೆ ಇಡಬೇಡಿ, ಮರಳಿನ ತೇವವನ್ನೂ ಪಾಳಿಗೆ ಒಂದು ಸಲ ನೋಡುವುದು ಸಾಲದು, ಮಳೆಯಲ್ಲಿ ಎರಡು ಗಂಟೆಗೊಮ್ಮೆ ನೋಡಿ. ಹಾಗೆಯೇ ಮಾಡಿದರು, ಸಂಜೆಯ ಹೀಟ್‌ಗೆ (ಲೋಹ ಕರಗಿಸುವ ಸರದಿಗೆ) ದೋಷ ಇಳಿಯಿತು. ಆ ಧ್ವನಿ ಸಂದೇಶದ ಕೆಳಗೆ ಮೂವತ್ತು ಹೆಬ್ಬೆರಳು ಬಿದ್ದವು, ಆಮೇಲೆ ಒಬ್ಬರ ಹುಟ್ಟುಹಬ್ಬದ ಕೇಕು, ಗೋಕಾಕ ಫಾಲ್ಸಿನ ಫೋಟೊ, ಗಣಪತಿ ಹಬ್ಬದ ಶುಭಾಶಯ. ಮರುವರ್ಷ ಜುಲೈನಲ್ಲಿ ಅದೇ ದೋಷ ಮರಳಿತು. ಕೇಳಿದ್ದ ಸೂಪರ್‌ವೈಸರ್ ಬೇರೆ ಊರಿಗೆ ಹೋಗಿದ್ದರು. ಧ್ವನಿ ಸಂದೇಶವನ್ನು ಪದ ಹಾಕಿ ಹುಡುಕಲು ಬರುವುದಿಲ್ಲ. ನಾನು ಮತ್ತು ಕ್ವಾಲಿಟಿ ವಿಭಾಗದವರು ಬೆರಳಿನಿಂದ ತಳ್ಳುತ್ತ ತಳ್ಳುತ್ತ ಒಂದು ಮಧ್ಯಾಹ್ನ ಕಳೆದೆವು. ಅಷ್ಟರಲ್ಲಿ ಕಾರ್ಖಾನೆ ಮೂರು ದಿನಗಳ ಎರಕವನ್ನು ಮತ್ತೆ ಕುಲುಮೆಗೆ ಹಾಕಿತ್ತು.

ಆ ಮೌಲ್ಡರ್ ಜ್ಞಾನವನ್ನು ಬಚ್ಚಿಟ್ಟುಕೊಂಡಿರಲಿಲ್ಲ, ಕೇಳಿದ ಅರ್ಧ ಗಂಟೆಯಲ್ಲಿ ಕೊಟ್ಟಿದ್ದರು. ವಾಟ್ಸ್‌ಆ್ಯಪ್ ಕೂಡ ಕೆಟ್ಟುಹೋಗಿರಲಿಲ್ಲ. ಕಾರ್ಖಾನೆಯಲ್ಲಿ ಆಡುವ ಮಾತಿನಲ್ಲಿ ಮೂರು ಬಗೆಗಳಿವೆ ಎಂಬುದನ್ನು ಯಾರೂ ಗಮನಿಸಿರಲಿಲ್ಲ ಅಷ್ಟೇ. ಒಂದು, ನಾಳೆ ವಿದ್ಯುತ್ ಇಲ್ಲ, ಪಾಳಿ ಬದಲಾಗಿದೆ ಎಂಬಂಥ ಸೂಚನೆ. ಇನ್ನೊಂದು, ಲಾರಿ ಬಂತೇ, ಪ್ಯಾಟರ್ನ್ ಎಲ್ಲಿದೆ ಎಂಬಂಥ ಅಂದಂದಿನ ಮಾತು, ಅದು ಸಂಜೆಗೆ ಸತ್ತರೂ ನಷ್ಟವಿಲ್ಲ. ಮೂರನೆಯದು ಅನುಭವದ ಮಾತು, ಅದು ವರ್ಷಗಟ್ಟಲೆ ಬದುಕಬೇಕು. ಮೊದಲ ಎರಡಕ್ಕೆ ವಾಟ್ಸ್‌ಆ್ಯಪ್ ಚೆನ್ನಾಗಿಯೇ ಹೊಂದುತ್ತದೆ. ಮೂರನೆಯದನ್ನು ಅದರೊಳಗೆ ಹಾಕುವುದು ಹರಿಯುವ ನೀರಿನಲ್ಲಿ ಇಟ್ಟಂತೆ. ನಿಮ್ಮ ಆಡಿಟರ್ ಕೇಳಿದ್ದು ಈ ಮೂರನೆಯದನ್ನೇ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಎಂಬ ಕಲಮು ಇದೆ. ಕೆಲಸ ನಡೆಸಲು ಬೇಕಾದ ತಿಳಿವಳಿಕೆ ಯಾವುದೆಂದು ಸಂಸ್ಥೆ ಗುರುತಿಸಬೇಕು, ಅದನ್ನು ಕಾಪಾಡಬೇಕು, ಬೇಕಾದವರಿಗೆ ಸಿಗುವಂತೆ ಇಡಬೇಕು ಎಂದು ಅದು ಹೇಳುತ್ತದೆ. ಇದಕ್ಕೆ ಜಾಲತಾಣ ಬೇಕೆಂದು ಅದು ಎಲ್ಲೂ ಹೇಳಿಲ್ಲ, ಒಳ್ಳೆಯ ರಿಜಿಸ್ಟರ್ ಕೂಡ ಸಾಕು.

ಕೆಲಸಗಾರರ ಸಮುದಾಯಕ್ಕೆ ಈ ಶಕ್ತಿ ಇದೆಯೆಂಬುದಕ್ಕೆ ಹಳೆಯ, ಗಟ್ಟಿ ಉದಾಹರಣೆ ಝೆರಾಕ್ಸ್ ಕಂಪನಿಯದು. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಆ ಕಂಪನಿಯ ಯಂತ್ರ ದುರಸ್ತಿಗಾರರ ಜೊತೆ ಓಡಾಡಿ, ಅವರು ಕಷ್ಟದ ದುರಸ್ತಿಗಳನ್ನು ಕಲಿಯುವುದು ಕಂಪನಿಯ ಕೈಪಿಡಿಗಿಂತ ಹೆಚ್ಚಾಗಿ ಊಟ ತಿಂಡಿಯ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಿಂದ ಎಂದು ಕಂಡುಕೊಂಡರು. ಆ ತಿಳಿವಿನ ಬೆನ್ನಲ್ಲಿ 1990ರ ದಶಕದಲ್ಲಿ ಫ್ರಾನ್ಸಿನಿಂದ ಆರಂಭವಾದ 'ಯುರೇಕಾ' ಎಂಬ ವ್ಯವಸ್ಥೆಯಲ್ಲಿ ದುರಸ್ತಿಗಾರರು ತಮ್ಮ ಉಪಾಯಗಳನ್ನು ತಾವೇ ಬರೆದು ಕಳುಹಿಸುತ್ತಿದ್ದರು. ಅನುಭವಿಗಳು ಪರೀಕ್ಷಿಸಿ ಒಪ್ಪಿದ ಮೇಲೆ ಅದು ಬರೆದವರ ಹೆಸರಿನೊಂದಿಗೆ ಎಲ್ಲರಿಗೂ ಹೋಗುತ್ತಿತ್ತು. ಉಪಾಯಕ್ಕೆ ಹಣ ಕೊಡುವ ಮಾತು ಬಂದಾಗ ದುರಸ್ತಿಗಾರರೇ ಬೇಡವೆಂದರು. ಹಣ ಬಂದರೆ ಸಂಖ್ಯೆ ಹೆಚ್ಚುತ್ತದೆ, ಗುಣ ಹೋಗುತ್ತದೆ ಎಂಬುದು ಅವರ ಲೆಕ್ಕ. ಹೆಸರು ಸಾಕು ಎಂದರು.

ಅವರ ಲೆಕ್ಕ ಸರಿಯಿತ್ತೆಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷ್ಯವಿದೆ. ಇನ್ಫೊಸಿಸ್ ಸಂಸ್ಥೆ 2000ದ ಸುಮಾರಿಗೆ ತನ್ನ ಆಂತರಿಕ ಜ್ಞಾನಭಂಡಾರಕ್ಕೆ ಬರೆದವರಿಗೆ ಅಂಕಗಳನ್ನು ಕೊಟ್ಟು, ಅವನ್ನು ಬಹುಮಾನವಾಗಿ ಬದಲಾಯಿಸಿಕೊಳ್ಳುವ ಯೋಜನೆ ತಂದಿತು. ಬರಹಗಳು ಪ್ರವಾಹದಂತೆ ಬಂದವು, ಪರಿಶೀಲಿಸುವವರ ಕೈ ಸೋತಿತು, ಬೇಕಾದದ್ದನ್ನು ಹುಡುಕುವುದೇ ಕಷ್ಟವಾಯಿತು. ಅವರು ಅದನ್ನು ಮುಚ್ಚಿಡದೆ ಸಂಶೋಧಕರೊಂದಿಗೆ ಹಂಚಿಕೊಂಡರು, ಯೋಜನೆಯನ್ನು ತಿದ್ದಿದರು, ಬಹುಮಾನಕ್ಕಿಂತ ಓದುಗರಿಗೆ ಆದ ಉಪಯೋಗಕ್ಕೆ ಮಹತ್ವ ಕೊಟ್ಟರು. ನಿಮ್ಮ ಮಾರಾಟಗಾರರು ತೋರಿಸುವ ಬ್ಯಾಡ್ಜು, ಅಂಕ, 'ತಿಂಗಳ ಅತ್ಯುತ್ತಮ ಸದಸ್ಯ' ಇವುಗಳಿಗೆ ಮನಸೋಲುವ ಮುನ್ನ ಇದನ್ನು ನೆನೆಯಿರಿ.

ಸಂಸ್ಥೆಗಳೊಳಗಿನ ಜಾಲತಾಣಗಳು ಆರಂಭದ ಉತ್ಸಾಹ ಇಳಿದ ಕೂಡಲೇ ಸಾಯುವುದಕ್ಕೆ ಇನ್ನೊಂದು ಕಾರಣ ಬರಿಯ ಗಣಿತ. ಆನ್‌ಲೈನ್ ಸಮುದಾಯಗಳಲ್ಲಿ ಶೇ 90ರಷ್ಟು ಜನ ಓದುತ್ತಾರೆ ಅಷ್ಟೇ, ಶೇ 9ರಷ್ಟು ಜನ ಆಗೀಗ ಬರೆಯುತ್ತಾರೆ, ಬಹುಪಾಲು ಬರೆಯುವವರು ಉಳಿದ ಶೇ 1 ಎಂದು ಜಾಲತಾಣ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಗುರುತಿಸಿದ್ದರು. ಐವತ್ತು ಸಾವಿರ ಉದ್ಯೋಗಿಗಳ ಕಂಪನಿಯಲ್ಲಿ ಶೇ 1 ಎಂದರೆ 500 ಜನ, ಜಾಲತಾಣದ ಗೋಡೆ (ಎಲ್ಲರ ಬರಹ ಕಾಣುವ ಪುಟ) ತುಂಬಿ ತುಳುಕುತ್ತದೆ. ನಿಮ್ಮ 170ರಲ್ಲಿ ಶೇ 1 ಎಂದರೆ ಹೆಚ್ಚೆಂದರೆ ಇಬ್ಬರು. ಅವರಲ್ಲೊಬ್ಬರು ರಜೆ ಹಾಕಿದರೆ ನಿಮ್ಮ ಜಾಲತಾಣವೂ ರಜೆಯಲ್ಲಿರುತ್ತದೆ. ಆದ್ದರಿಂದ ನಿಮ್ಮಷ್ಟು ದೊಡ್ಡ ಸಂಸ್ಥೆಯಲ್ಲಿ ಜನ ತಾವಾಗಿಯೇ ಬಂದು ಬರೆಯುತ್ತಾರೆಂದು ಕಾಯುವಂತಿಲ್ಲ. ಬರೆಸಿಕೊಳ್ಳುವ ಒಬ್ಬರು ಬೇಕು, ಅದು ಅವರ ಕೆಲಸದ ಪಟ್ಟಿಯಲ್ಲಿ ಇರಬೇಕು, ಅದಕ್ಕೆ ವಾರದಲ್ಲಿ ಇಂತಿಷ್ಟು ಗಂಟೆ ಎಂದು ಗೊತ್ತು ಮಾಡಬೇಕು. ನಾನು ನೋಡಿದ ಯಶಸ್ವಿ ವ್ಯವಸ್ಥೆಗಳಲ್ಲೆಲ್ಲ ಅಂಥ ಒಬ್ಬರಿದ್ದರು, ಬಹಳ ಸಲ ಕ್ವಾಲಿಟಿ ವಿಭಾಗದವರು. ಸೋತ ಕಡೆಗಳಲ್ಲೆಲ್ಲ ಆ ಹೊಣೆ 'ಎಲ್ಲರದೂ' ಆಗಿತ್ತು. ಭಾಷೆಯ ಮಾತೂ ಇದೆ. ನಿಮ್ಮಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುತ್ತಿರಬೇಕು. ಇಂಗ್ಲಿಷಿನಲ್ಲಿ ಟೈಪು ಮಾಡಿ ಎಂದು ಕೂರಿಸಿದರೆ ಗೊತ್ತಿರುವವರು ಬರೆಯುವುದಿಲ್ಲ, ಬರೆಯಬಲ್ಲವರಿಗೆ ಗೊತ್ತಿರುವುದಿಲ್ಲ.

ಆಯ್ಕೆಗಳನ್ನು ಅವುಗಳ ಅಪಾಯಗಳೊಂದಿಗೆ ನೋಡೋಣ. ವಾಟ್ಸ್‌ಆ್ಯಪನ್ನೇ ಉಳಿಸಿಕೊಂಡು ಶುಚಿ ಮಾಡುವುದು ಎಲ್ಲಕ್ಕಿಂತ ಅಗ್ಗ, ಒಂದು ವಾರದ ಕೆಲಸ. 23 ಗುಂಪುಗಳನ್ನು ಐದಾರಕ್ಕೆ ಇಳಿಸಬಹುದು. 2022ರಲ್ಲಿ ಬಂದ 'ಕಮ್ಯುನಿಟಿ' ಸೌಲಭ್ಯದ ಪ್ರಕಟಣೆ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸೂಚನೆ ಹಾಕುತ್ತಾರೆ, ಸದಸ್ಯರ ನಂಬರುಗಳು ಬೇರೆ ಗುಂಪಿನಲ್ಲಿ ಜೊತೆಗಿಲ್ಲದ ಇತರ ಸದಸ್ಯರಿಗೆ ಕಾಣುವುದಿಲ್ಲ. 170 ಜನರಿಗೂ ತಲುಪಬೇಕಾದ ಸೂಚನೆಗೆ ಇದು ಸಾಕು, ನಿಮ್ಮ ಕಚೇರಿಯ ಹೆಣ್ಣುಮಕ್ಕಳ ಆತಂಕವೂ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಒಂದು ಮಿತಿಯನ್ನು ಯಾವ ಶುಚಿಯೂ ತೊಳೆಯದು. ಕೆಲಸ ಬಿಟ್ಟವರನ್ನು ಗುಂಪಿನಿಂದ ತೆಗೆದರೂ ಅವರ ಫೋನಿನಲ್ಲಿ ಆಗಲೇ ಇಳಿದಿರುವ ಫೋಟೊ, ಡ್ರಾಯಿಂಗ್ ಅಲ್ಲೇ ಉಳಿಯುತ್ತವೆ. ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತವೆ, ಆದ್ದರಿಂದ ಸುರಕ್ಷಿತ ಎಂದು ಹಲವರು ತಿಳಿದಿದ್ದಾರೆ. ಗೂಢಲಿಪಿ ಕಾಯುವುದು ದಾರಿಯಲ್ಲಿ ಕದಿಯುವವರಿಂದ, ಗುಂಪಿನೊಳಗೇ ಕುಳಿತವರಿಂದ ಅಲ್ಲ.

ಹಾಗಾಗಿ ಯಾವ ಆಯ್ಕೆ ಮಾಡಿದರೂ ಡ್ರಾಯಿಂಗ್‌ಗಳು ಚಾಟಿನಲ್ಲಿ ಬರಬಾರದು. ಗೋಪ್ಯತೆಯಷ್ಟೇ ಇದಕ್ಕೆ ಕಾರಣವಲ್ಲ. ಮಷೀನ್ ಶಾಪಿನಲ್ಲಿ ಫೋನ್ ನೋಡಿ ಬೋರಿಂಗ್ (ರಂಧ್ರವನ್ನು ಅಳತೆಗೆ ಕೊರೆಯುವ ಕೆಲಸ) ಮಾಡುತ್ತಿದ್ದ ಆಪರೇಟರ್ ಒಬ್ಬರ ಪಕ್ಕ ನಾನು ನಿಂತಿದ್ದೆ. ತೆರೆಯ ಮೇಲಿದ್ದದ್ದು ಡ್ರಾಯಿಂಗಿನ 'ಬಿ' ಪರಿಷ್ಕರಣೆ, ಕಡತದಲ್ಲಿ 'ಸಿ' ಬಂದು ಹತ್ತು ದಿನವಾಗಿತ್ತು. ವ್ಯಾಸದ ಸಹನಮಿತಿ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಬದಲಾಗಿತ್ತು. ಆ ಫೋಟೊ ಹಾಕಿದವರಿಗೂ ನೋಡಿದವರಿಗೂ ತಪ್ಪು ಮಾಡುವ ಉದ್ದೇಶವಿರಲಿಲ್ಲ, ಚಾಟಿನಲ್ಲಿ ಹಳೆಯ ಫೋಟೊ ತಾನು ಹಳೆಯದೆಂದು ಹೇಳುವುದಿಲ್ಲ. ಗುಂಪಿನಲ್ಲಿ ಡ್ರಾಯಿಂಗಿನ ಸಂಖ್ಯೆ ಮತ್ತು ಪರಿಷ್ಕರಣೆಯ ಅಕ್ಷರ ಮಾತ್ರ ಇರಲಿ, ಡ್ರಾಯಿಂಗ್ ಒಂದೇ ಕಡೆ ಇರಲಿ.

ಎರಡನೆಯ ದಾರಿ, ನೀವು ಈಗಾಗಲೇ ಬಳಸುತ್ತಿರುವ ಇಮೇಲ್ ಸೇವೆಯ ಜೊತೆ ಬರುವ ಚಾಟ್. ಗೂಗಲ್ ಚಾಟ್, ಮೈಕ್ರೋಸಾಫ್ಟ್ ಟೀಮ್ಸ್, ಚೆನ್ನೈ ಮೂಲದ ಜೊಹೊ ಕಂಪನಿಯ ಕ್ಲಿಕ್ ಈ ಬಗೆಯವು. ಇಲ್ಲಿ ಖಾತೆ ಸಂಸ್ಥೆಯದು. ಉದ್ಯೋಗಿ ಬಿಟ್ಟ ದಿನ ಖಾತೆ ಮುಚ್ಚಿದರೆ ಒಳಗಿನ ಬಾಗಿಲೂ ಮುಚ್ಚುತ್ತದೆ, ಹಳೆಯ ಮಾತು ಸಂಸ್ಥೆಯಲ್ಲಿ ಉಳಿಯುತ್ತದೆ, ಸ್ವಂತ ಫೋನ್ ನಂಬರ್ ಹಂಚಿಕೊಳ್ಳಬೇಕಿಲ್ಲ. ಶುಲ್ಕ ಸಾಮಾನ್ಯವಾಗಿ ತಲೆಗೆ ಇಷ್ಟೆಂದು ಇರುವುದರಿಂದ 170 ಜನರಿಗೂ ಕೊಡಲು ಹೋದರೆ ಹೊರೆಯಾಗುತ್ತದೆ, ಇಮೇಲನ್ನೇ ಬಳಸದ ಫೆಟ್ಲಿಂಗ್ ವಿಭಾಗದವರಿಗೆ ಅದು ಅಪರಿಚಿತವಾಗಿ ಉಳಿಯುತ್ತದೆ. ಮೂರನೆಯದು, ಮ್ಯಾಟರ್‌ಮೋಸ್ಟ್‌ನಂಥ ಚಾಟ್ ತಂತ್ರಾಂಶವನ್ನು ನಿಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳುವುದು. ಮಾಹಿತಿ ಹೊರಗೆ ಹೋಗದು, ಆದರೆ ಬ್ಯಾಕಪ್ ತೆಗೆಯಲು, ಭದ್ರತಾ ಪರಿಷ್ಕರಣೆಗಳನ್ನು ಹಾಕಲು ಬಲ್ಲವರು ಕಾಯಂ ಆಗಿ ಇರಬೇಕು. ಅಂಥವರಿಲ್ಲದ ಕಡೆ ಇದನ್ನು ನಾನು ಹೇಳುವುದಿಲ್ಲ.

ನಾಲ್ಕನೆಯದು ನಿಮಗೆ ಮಾರಲು ಬಂದಿರುವ ಬಗೆಯ ಪೂರ್ಣ ಸಾಮಾಜಿಕ ಜಾಲತಾಣ, ಗೋಡೆ, ಲೈಕು, ಗುಂಪು ಎಲ್ಲ ಇರುವಂಥದ್ದು. ಹಲವು ಊರುಗಳಲ್ಲಿ ಸಾವಿರಾರು ಜನರಿರುವ ಸಂಸ್ಥೆಗಳಿಗೆ ಇದರಿಂದ ನಿಜವಾದ ಉಪಯೋಗವಿದೆ, ಹುಬ್ಬಳ್ಳಿಯವರಿಗೆ ಗುರುಗ್ರಾಮದವರ ಪರಿಚಯವಾಗುವುದು ಅಲ್ಲೇ. ನಿಮ್ಮವರು ಒಂದೇ ಗೇಟಿನೊಳಗೆ ಇದ್ದಾರೆ. ಇನ್ನೊಂದು ಅಪಾಯ ಈ ಉದ್ದಿಮೆಯ ಇತಿಹಾಸದಲ್ಲೇ ಇದೆ. 2008ರಲ್ಲಿ ಹುಟ್ಟಿದ ಯಾಮರ್ ಎಂಬ ಇಂಥದೇ ಜಾಲತಾಣವನ್ನು ಮೈಕ್ರೋಸಾಫ್ಟ್ 2012ರಲ್ಲಿ 120 ಕೋಟಿ ಡಾಲರ್‌ಗೆ ಕೊಂಡು, 2023ರಲ್ಲಿ ವಿವಾ ಎಂಗೇಜ್ ಎಂದು ಹೆಸರು ಬದಲಿಸಿತು. ಫೇಸ್‌ಬುಕ್ 2016ರಲ್ಲಿ ತಂದ ವರ್ಕ್‌ಪ್ಲೇಸ್ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಬಳಕೆಯಲ್ಲಿತ್ತು. ಅದನ್ನು ಮುಚ್ಚುವುದಾಗಿ 2024ರ ಮೇ ತಿಂಗಳಲ್ಲಿ ಮೆಟಾ ಪ್ರಕಟಿಸಿತು, 2025ರ ಆಗಸ್ಟ್ ಕೊನೆಗೆ ಮಾಮೂಲಿ ಬಳಕೆ ನಿಂತಿತು. ಅಷ್ಟು ದೊಡ್ಡ ಕಂಪನಿಯ ಸೇವೆಗೇ ಹೀಗಾದ ಮೇಲೆ, ನಿಮ್ಮ ಮಾರಾಟಗಾರರನ್ನು 'ನೀವು ಮುಚ್ಚಿದರೆ ನಮ್ಮ ಪ್ರಶ್ನೋತ್ತರ, ಫೋಟೊ, ಧ್ವನಿ ಎಲ್ಲವನ್ನೂ ಸಾಮಾನ್ಯ ಕಡತಗಳಾಗಿ ಹೇಗೆ ತೆಗೆದುಕೊಳ್ಳುವುದು? ಈಗಲೇ ಮಾಡಿ ತೋರಿಸಿ' ಎಂದು ಕೇಳುವುದು ನ್ಯಾಯವಾಗಿಯೇ ಇದೆ. ಉತ್ತರಕ್ಕಿಂತ ತೋರಿಸುವಾಗಿನ ತಡವರಿಕೆಯೇ ನಿಮಗೆ ಹೆಚ್ಚು ತಿಳಿಸುತ್ತದೆ.

ನಿಮಗೆ ನಾನು ಹೇಳುವುದು ಮೊದಲ ಎರಡರ ಜೋಡಿ. ಎಲ್ಲರಿಗೂ ಸೂಚನೆಗೆ ಶುಚಿಯಾದ ವಾಟ್ಸ್‌ಆ್ಯಪ್. ಸೂಪರ್‌ವೈಸರ್, ಕ್ವಾಲಿಟಿ, ಮೆಂಟೆನೆನ್ಸ್, ಕಚೇರಿ ಎಂದು ಮೂವತ್ತು ನಲವತ್ತು ಜನರಿಗೆ ಸಂಸ್ಥೆಯ ಖಾತೆ. ಮರಳು ಪರೀಕ್ಷೆಯ ಕೋಣೆಯಲ್ಲಿ ಒಂದು, ಮಷೀನ್ ಶಾಪಿನಲ್ಲಿ ಒಂದು ಟ್ಯಾಬ್ಲೆಟ್ ಗೋಡೆಗೆ ಕಟ್ಟಿರಲಿ, ಅನುಭವದ ಮಾತುಗಳನ್ನು ಯಾರು ಬೇಕಾದರೂ ಅಲ್ಲಿ ಹುಡುಕಿ ಓದಲಿ, ಕೇಳಲಿ. ಸಂಸ್ಥೆಯ ಖಾತೆಯಲ್ಲಿ ಬರೆದದ್ದನ್ನು ಸಂಸ್ಥೆ ನೋಡಬಲ್ಲದು ಎಂಬುದನ್ನು ಅವರಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಅವರ ಸ್ವಂತ ಫೋನಿನ ತಂಟೆಗೆ ಹೋಗಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಉದ್ಯೋಗದ ಉದ್ದೇಶಕ್ಕೆ, ವ್ಯಾಪಾರ ರಹಸ್ಯದ ರಕ್ಷಣೆಗೆ ಉದ್ಯೋಗಿಯ ಮಾಹಿತಿ ಬಳಸಲು ಅದು ಅವಕಾಶ ಕೊಟ್ಟಿದೆ. ಆದರೆ ಮಾಹಿತಿಯನ್ನು ಕಾಪಾಡಲು ತಕ್ಕ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೂ ಅವಕಾಶವಿದೆ. ರಾತ್ರಿ ಸಂದೇಶಕ್ಕೆ ಉತ್ತರಿಸಲೇಬೇಕೆಂಬ ಒತ್ತಾಯ ಬೇಡ. ತುರ್ತಾದರೆ ಪಾಳಿಯ ಇನ್‌ಚಾರ್ಜ್ ಫೋನ್ ಮಾಡಲಿ.

ಬೈಗುಳದ ಅಳುಕಿನ ಬಗ್ಗೆ ನನ್ನ ಮನಸ್ಸಿಗೆ ಹತ್ತಿರವಾದ ಒಂದು ಅನುಭವ ಹೇಳುತ್ತೇನೆ. ನಾನೇ ಕೂರಿಸಿದ ಒಂದು ವ್ಯವಸ್ಥೆಯಲ್ಲಿ ಆರು ವಾರ ಒಳ್ಳೆಯ ತಾಂತ್ರಿಕ ಪ್ರಶ್ನೋತ್ತರ ನಡೆಯಿತು. ಏಳನೆಯ ವಾರ ಯಾರೋ 'ಕುಡಿಯುವ ನೀರಿನ ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು' ಎಂದು ಬರೆದರು. ಆಡಳಿತದವರು ಅದನ್ನು ಅಳಿಸಿದರು, ಬರೆದವರನ್ನು ಕರೆಸಿ ಕೇಳಿದರು. ಅಂದಿನಿಂದ ನೀರಿನ ವಿಷಯವೂ ನಿಂತಿತು, ಬ್ಲೋಹೋಲಿನ ವಿಷಯವೂ ನಿಂತಿತು. ಒಂದು ಮಾತನ್ನು ಅಳಿಸಿದರೆ ಯಾವ ಮಾತು ಸುರಕ್ಷಿತ ಎಂದು ಜನ ಲೆಕ್ಕ ಹಾಕುವುದಿಲ್ಲ, ಎಲ್ಲವನ್ನೂ ನಿಲ್ಲಿಸುತ್ತಾರೆ. ದೂರುಗಳು ನಿಮ್ಮ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಈಗಲೂ ಇವೆ, ನಿಮಗೆ ಕೇಳುತ್ತಿಲ್ಲ ಅಷ್ಟೇ. ನೀರು, ಕ್ಯಾಂಟೀನು, ಶೌಚಾಲಯ, ಕೈಗವಸು ಇಂಥವುಗಳನ್ನು ಬಹಿರಂಗವಾಗಿ ಕೇಳಲಿ, ನೀವು ಇಷ್ಟು ದಿನದೊಳಗೆ ಎಂದು ಹೇಳಿ ಉತ್ತರಿಸಿ, ಆಗದಿದ್ದರೆ ಆಗದೆಂದೇ ಬರೆಯಿರಿ. ಸಂಬಳ, ರಜೆ, ವ್ಯಕ್ತಿಗಳ ಮೇಲಿನ ದೂರುಗಳಿಗೆ ಮುಚ್ಚಿದ ಬಾಗಿಲಿನ ದಾರಿ ಇರಲಿ. ಕಾರ್ಮಿಕ ಸಂಘಟನೆಯ ಮಾತಾಡಿದರೆಂದು ಯಾರ ಮೇಲೂ ಕ್ರಮಕ್ಕೆ ಹೋಗಬೇಡಿ, ಅದು ತಪ್ಪೂ ಹೌದು, ಕಾನೂನಿನ ತೊಡಕೂ ಹೌದು. ಹೆಸರಿಲ್ಲದೆ ಬರೆಯುವ ಸೌಲಭ್ಯವನ್ನು ಮಾರಾಟಗಾರರು ಹೊಗಳುತ್ತಾರೆ. 170 ಜನರ ಊರಿನಲ್ಲಿ ಬರೆದ ಶೈಲಿಯಿಂದಲೇ ಆಳು ಗೊತ್ತಾಗುತ್ತದೆ, ಆಗ ಹೆಸರು ಮುಚ್ಚಿದ ಭರವಸೆಯೇ ಮೋಸವಾಗುತ್ತದೆ. ಆ ಕೆಲಸಕ್ಕೆ ಬೀಗ ಹಾಕಿದ ಮರದ ಪೆಟ್ಟಿಗೆ ಇಂದಿಗೂ ಉತ್ತಮ.

ಇವೆಲ್ಲ ತೀರ್ಮಾನವಾಗಲು ತಿಂಗಳುಗಳು ಬೇಕು, ಮಾರ್ಚ್ ಅಷ್ಟರವರೆಗೆ ಕಾಯುವುದಿಲ್ಲ. ಆದ್ದರಿಂದ ಸಾಫ್ಟ್‌ವೇರಿನ ಮಾತನ್ನು ಪಕ್ಕಕ್ಕಿಟ್ಟು ಮಿಸ್ತ್ರಿಯವರಿಂದ ಆರಂಭಿಸಿ. ವಾರಕ್ಕೆ ಒಂದು ಗಂಟೆ, ಪಾಳಿಯ ಸಮಯದಲ್ಲೇ, ಸಂಬಳದ ಸಮಯದಲ್ಲೇ, ಒಬ್ಬ ಚುರುಕಾದ ಕಿರಿಯ ಸೂಪರ್‌ವೈಸರ್‌ರನ್ನು ಅವರ ಜೊತೆ ಕೂರಿಸಿ. ಕಚೇರಿಗೆ ಕರೆಯಬೇಡಿ, ಮರಳಿನ ರಾಶಿಯ ಪಕ್ಕದಲ್ಲೇ ಕೂರಲಿ, ಕೈಯಲ್ಲಿ ಹಿಡಿಮರಳು ಇದ್ದಾಗ ಬರುವ ಮಾತು ಕುರ್ಚಿಯಲ್ಲಿ ಬರುವುದಿಲ್ಲ. ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಭಾಷೆಯಲ್ಲಿ ಧ್ವನಿ ಮುದ್ರಿಸಿಕೊಂಡು, ಕಿರಿಯರು ಅದನ್ನು ಒಂದು ಪುಟಕ್ಕೆ ಬರೆದಿಡಲಿ: ಬಿಡಿಭಾಗದ ಸಂಖ್ಯೆ, ಹೀಟ್ ನಂಬರ್, ದೋಷದ ಫೋಟೊ, ಮೊದಲು ಯಾವುದರ ಮೇಲೆ ಅನುಮಾನ ಬಂತು, ಏನು ಮಾಡಿದರು, ಅದರಿಂದ ಇಳಿಯಿತೇ ಇಲ್ಲವೇ, ಮತ್ತು ಹೇಳಿದವರ ಹೆಸರು. ಹೆಸರನ್ನು ಬಿಡಬೇಡಿ. ಬರೆದದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ. 'ನಿಮಗೆ ಗೊತ್ತಿರುವುದನ್ನು ಹೇಳಿ' ಎಂದು ಕೇಳಿದರೆ ಯಾವ ಮಿಸ್ತ್ರಿಗೂ ಎಲ್ಲಿಂದ ಶುರು ಮಾಡಬೇಕೆಂದು ತೋಚುವುದಿಲ್ಲ. ನಿಮ್ಮ ರಿಜೆಕ್ಷನ್ ರಿಜಿಸ್ಟರನ್ನು ಅವರ ಮುಂದಿಟ್ಟು, ಕಳೆದ ಜುಲೈನ ಪುಟ ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಕೇಳಿ.